ಶಿಕಾರಿಪುರಕ್ಕೆ ಬಂದ ಕಡಲಿನ ಬಸವನಹುಳುಗಳು

ಮೊದಲ ಸಲ ಸಮುದ್ರದ ನೀರು ಹೊತ್ತು ತಂದಾಗ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ನನ್ನನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ನನ್ನ ಹತ್ತಿರ ಎರಡು ದೊಡ್ಡ ಕ್ಯಾನು, ಒಂದು ಬಕೆಟ್ಟು ಇದ್ದವು. ಬಕೆಟ್ಟಿಗೆ ಒದ್ದೆ ಗೋಣಿಚೀಲ ಹೊದಿಸಿದ್ದೆ.

“ಕ್ಯಾನಿನಾಗ ಏನೈತ್ರೀ ಅಕ್ಕೋರೇ?” ಎಂದು ಕೇಳಿದ.

“ಸಮುದ್ರದ ನೀರು.”

“ಬಕೀಟಿನಾಗ?”

“ಬಸವನಹುಳು.”

ಅವನು ಬಸ್ಸಿನೊಳಗೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, “ನಮ್ಮ ತ್ವಾಟದಾಗಿನ ಬಸವನಹುಳಾನ ತಡ್ಯಾಕ ಆಗವಲ್ದು, ಇವರು ಸಮುದ್ರದಿಂದ ಬ್ಯಾರೆ ತರಾಕತ್ಯಾರ!” ಎಂದ. ಬಸ್ಸು ಗೊಳ್ಳೆಂದಿತು. ಕೊನೆಗೆ ಮುಂದಿನ ಸೀಟಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಕಾಲು ಮಡಚಿಕೊಂಡು, “ಇಲ್ಲಿಡು ತಂಗಿ, ನನ್ ಕಾಲ್ ಬುಡದಾಗ” ಎಂದಳು. ಶಿರಾಳಕೊಪ್ಪ ದಾಟುವವರೆಗೂ ಅವಳು ಗೋಣಿಚೀಲ ಎತ್ತಿ ಎತ್ತಿ ನೋಡುತ್ತಿದ್ದಳು. ಅವಳ ಹೆಸರು ಕೇಳಲಿಲ್ಲ. ನನ್ನ ವೃತ್ತಿಯಲ್ಲಿ ಋಣ ತೀರಿಸಲಾಗದೆ ಉಳಿದವರಲ್ಲಿ ಅವಳೇ ಮೊದಲನೆಯವಳು.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆ ಸೊರಬದಲ್ಲಿ, ತವರು ಕುಬಟೂರು. ದಿನವೂ ಬಸ್ಸಿನ ಓಡಾಟ. ಈಗ ನಿವೃತ್ತಳಾಗಿದ್ದೇನೆ. ಹೊಸದಾಗಿ ಉಪನ್ಯಾಸಕ ವೃತ್ತಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, “ಏನಾದ್ರೂ ಹೇಳ್ರೀ ಮೇಡಂ” ಎನ್ನುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಅದನ್ನು ಓದಿ ಯಾರಿಗೂ ಉಪಯೋಗವಿಲ್ಲ. ಆ ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಳುಗಳ ಹುಚ್ಚು ಹತ್ತಿದ್ದು ಒಂದು ಶೈಕ್ಷಣಿಕ ಪ್ರವಾಸದಲ್ಲಿ. ಪದವಿಯ ಅಂತಿಮ ವರ್ಷದ ಮಕ್ಕಳನ್ನು ಹೊನ್ನಾವರದ ಕಡೆಯ ಕಡಲ ದಂಡೆಗೆ ಕರೆದುಕೊಂಡು ಹೋಗಿದ್ದೆ. ನೀರು ಇಳಿದಿತ್ತು. ಬಂಡೆಗಳ ಮೇಲೆ ಕೂತು ಮಾದೇವಿ ಎಂಬ ಹೆಂಗಸು ಸಿಂಪಿ ಒಡೆದು ಒಳಗಿನ ಮಾಂಸ ತೆಗೆಯುತ್ತಿದ್ದಳು. ಬಂಡೆಯ ಸಂದಿನಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ನೋಡುತ್ತಿದ್ದ ಹಾಗೆ ನಿಂಬೆಹಣ್ಣಿನ ಗಾತ್ರದ ಕಂದು ಬಸವನಹುಳುಗಳು ಒಂದೊಂದಾಗಿ ಸಂದಿನಿಂದ ಹೊರಟು ಅವಳ ಕಡೆಗೆ ತೆವಳತೊಡಗಿದವು. ಪ್ರತಿಯೊಂದರ ಚಿಪ್ಪಿನ ತುದಿಯಿಂದ ಬೆಳ್ಳಗಿನ ಸಣ್ಣ ಕೊಳವೆಯೊಂದು ಹೊರಬಂದು ಅತ್ತಿತ್ತ ಆಡುತ್ತಿತ್ತು.

“ಇವು ನಿಮ್ಮನ್ನು ನೋಡಿ ಬರುತ್ತವೆಯೇ?” ಎಂದು ಕೇಳಿದೆ.

ಮಾದೇವಿ ನಕ್ಕಳು. “ನನ್ನ ನೋಡಿ ಎಂತಕ್ಕೆ ಬತ್ತವೆ! ಅವುಕೆ ಕಣ್ಣು ಅಷ್ಟಕ್ಕಷ್ಟೆ. ನೀರು ಎಳ್ಕಂಡು ವಾಸ್ನೆ ಹಿಡೀತವೆ. ಸಿಂಪಿ ಒಡೆದ್ರೆ ಸಾಕು, ನೀರು ಹೋಗೋ ಬದಿಗಿದ್ದವೆಲ್ಲ ಹೊರಡ್ತವೆ. ಒಡೀದೆ ಇದ್ರೂ ಬಿಡೂದಿಲ್ಲ, ಚಿಪ್ಪಿಗೇ ತೂತು ಕೊರೆದು ತಿಂತವೆ.”

ಅವಳ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ತಲೆಗೆ ಹೋಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಪಾಠದಲ್ಲಿ ನಾನೂ ಇದನ್ನು ಹೇಳಿದ್ದೆ. ಕೊಳವೆಯಿಂದ ನೀರು ಒಳಗೆ ಹೋಗುತ್ತದೆ, ಕಿವಿರಿನ ಪಕ್ಕದಲ್ಲಿ ಬಾಚಣಿಗೆಯಂಥ ಒಂದು ಪುಟ್ಟ ಅಂಗ ಆ ನೀರಿನಲ್ಲಿ ಏನೇನು ಬೆರೆತಿದೆ ಎಂದು ಪರೀಕ್ಷಿಸುತ್ತದೆ, ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕಿದ್ದೆ. ಆ ಬಾಣ ಜೀವಂತವಾಗಿ ತೆವಳುವುದನ್ನು ಕಂಡದ್ದು ಅದೇ ಮೊದಲು. ವಾಸನೆ ಎಲ್ಲೋ ಇದೆ ಎಂದು ತಿಳಿಯುವುದು ಒಂದು, ಅದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದು ಇನ್ನೊಂದು. ಎರಡನೆಯದನ್ನು ಹುಳು ಹೇಗೆ ಮಾಡುತ್ತದೆ? ಪಿಎಚ್.ಡಿ.ಗೆ ಇದೇ ವಿಷಯ ಎಂದು ಅಲ್ಲೇ ತೀರ್ಮಾನಿಸಿದೆ.

ಪ್ರಿನ್ಸಿಪಾಲರು ಅರ್ಜಿ ಓದಿ ಕನ್ನಡಕ ತೆಗೆದರು. “ಇದು ಸಿಲಬಸ್ಸಿನಾಗ ಐತೇನ್ರೀ?”

“ಇಲ್ಲ ಸಾರ್.”

“ಸಮುದ್ರ ಇಲ್ಲಿಂದ ಎಷ್ಟ್ ದೂರ ಐತಿ ಗೊತ್ತೈತೇನು?”

“ಗೊತ್ತು ಸಾರ್.”

ಅರ್ಜಿ ಮಡಚಿಟ್ಟು, “ಹಿಂದಿನ ಸಾಮಾನು ರೂಮು ಖಾಲಿ ಮಾಡಿಸ್ತೀನಿ. ವಾಸನಿ ಬಂತು ಅಂತ ಯಾರಾರ ಕಂಪ್ಲೇಂಟ್ ಕೊಟ್ರ ನನಗ ಹೇಳಬ್ಯಾಡ್ರಿ, ನೀವೇ ನೋಡ್ಕಳ್ರಿ” ಎಂದರು. ಮುಂದೆ ಕಂಪ್ಲೇಂಟು ಬಂದದ್ದು ನಿಜ. ಅವರು ಒಂದನ್ನೂ ನನ್ನ ಕಿವಿಗೆ ಹಾಕಲಿಲ್ಲ, ತಾವೇ ನೋಡಿಕೊಂಡರು. ಆ ಸಂಗತಿ ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ.

ಲ್ಯಾಬಿನ ಅಟೆಂಡರು ಗುತ್ಯಪ್ಪ, ಸೊರಬದ ಕಡೆಯವರು, ನನಗಿಂತ ನಾಲ್ಕು ವರ್ಷ ಹಿರಿಯರು. ಹತ್ತನೇ ತರಗತಿಗೆ ಓದು ನಿಲ್ಲಿಸಿದವರು. ಕೈಯಲ್ಲಿ ಮಾತ್ರ ಎಲ್ಲ ವಿದ್ಯೆಯೂ ಇತ್ತು. ಹಳೆಯ ಕಿಟಕಿಗಳ ಗಾಜು ಕತ್ತರಿಸಿ, ಅಂಟಿಸಿ, ಕವೆಕೋಲಿನ ಆಕಾರದ ಮೂರಡಿ ಉದ್ದದ ತೊಟ್ಟಿ ಮಾಡಿಕೊಟ್ಟರು. ಹಿಡಿಯ ಕಡೆ ಹುಳು ಬಿಡುವುದು, ಒಂದು ಕವಲಿನ ತುದಿಯಲ್ಲಿ ಸಿಂಪಿ, ಇನ್ನೊಂದರಲ್ಲಿ ಬರೀ ಕಲ್ಲು. ಹುಳು ಯಾವ ಕವಲು ಹಿಡಿಯುತ್ತದೆ ಎಂದು ಬರೆದುಕೊಳ್ಳುವುದು. ನಮ್ಮ ಪ್ರಯೋಗವೆಂದರೆ ಇಷ್ಟೇ. ಕರೆಂಟು ಹೋಗಿ ಗಾಳಿ ಗುಳ್ಳೆಯ ಮೋಟಾರು ನಿಂತರೆ ಗುತ್ಯಪ್ಪ ಸೈಕಲ್ ಪಂಪು ಹಚ್ಚಿಕೊಂಡು ಕೂತುಬಿಡುತ್ತಿದ್ದರು.

ನೀರಿಗೆ ಕೂಡ ದಾರಿ ಅವರೇ ಹುಡುಕಿದರು. ಕರಾವಳಿಯಿಂದ ಸೊರಬಕ್ಕೆ ಮೀನಿನ ವ್ಯಾನು ಬರುತ್ತಿತ್ತು. ಅದರ ಡ್ರೈವರಿಗೆ ಹೇಳಿ ಕ್ಯಾನುಗಳಲ್ಲಿ ಕಡಲ ನೀರು ತರಿಸಿದರು. ಮೊದಲ ಸಲ ಬಂದ ನೀರು ಹಾಕಿದೊಡನೆ ಹುಳುಗಳೆಲ್ಲ ಕೊಳವೆ ಎತ್ತಿಕೊಂಡು ತೊಟ್ಟಿಯ ತುಂಬ ಸುತ್ತತೊಡಗಿದವು. ನಾನು ಖುಷಿಯಿಂದ ಬರೆದುಕೊಂಡೇ ಬರೆದುಕೊಂಡೆ. ಗುತ್ಯಪ್ಪ ಕ್ಯಾನಿನ ಮುಚ್ಚಳ ಮೂಸಿ, “ಬಂಗಡೆ ವಾಸ್ನೆ ಬರ್ತದೆ ಮೇಡಂ” ಎಂದರು. ಮೀನಿನ ಬುಟ್ಟಿಯ ನೀರು ಸೋರಿ ಒಳಗೆ ಬೆರೆತಿತ್ತು. ಎರಡು ಪುಟ ಹರಿದು ಹಾಕಿದೆ. ಅವತ್ತಿನಿಂದ ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು ಕಡ್ಡಾಯವಾಯಿತು.

ಆಮೇಲಿನ ಆರು ತಿಂಗಳು ಏನೂ ಆಗಲಿಲ್ಲ. ಹುಳು ಒಮ್ಮೆ ಸಿಂಪಿಯ ಕಡೆ, ಒಮ್ಮೆ ಕಲ್ಲಿನ ಕಡೆ, ಬಹಳ ಸಲ ಗಾಜಿನ ಗೋಡೆ ಹತ್ತಿ ಅಲ್ಲೇ ಅಂಟಿಕೊಂಡು ಕೂತುಬಿಡುತ್ತಿತ್ತು. ದೂರದ ವಿಶ್ವವಿದ್ಯಾಲಯದಲ್ಲಿದ್ದ ನನ್ನ ಮಾರ್ಗದರ್ಶಕರು ಮಾತು ಕಡಿಮೆಯ ಮನುಷ್ಯ. ಫೋನಿನಲ್ಲಿ “ಹೂಂ” ಎನ್ನುತ್ತಿದ್ದರು. ಆ ಹೂಂಕಾರ ಕೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗುತ್ಯಪ್ಪ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಮೇಡಂ, ಒಂದು ಮಾತು ಹೇಳಲಾ? ಬೈಬಾರ್ದು.”

“ಹೇಳಿ ಗುತ್ಯಪ್ಪ.”

“ಗಾಳಿ ಆಡದೆ ಇದ್ರೆ ನಾಯಿಗಾದ್ರೂ ವಾಸ್ನೆ ಎತ್ಲಾಗಿಂದ ಬಂತು ಅಂತ ಹ್ಯಾಂಗೆ ಗೊತ್ತಾಗ್ಬೇಕು? ನಿಮ್ಮ ನೀರು ನಿಂತೈತಲ್ರೀ.”

ನನಗೆ ನಾಚಿಕೆಯಾಯಿತು. ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. “ನೀರು ಹೋಗೋ ಬದಿಗಿದ್ದವೆಲ್ಲ ಹೊರಡ್ತವೆ” ಎಂಬ ಮಾದೇವಿಯ ಮಾತು ನನ್ನದೇ ಅಕ್ಷರದಲ್ಲಿತ್ತು. ಹರಿಯುವ ನೀರು ವಾಸನೆಯನ್ನು ಹೊತ್ತು ತರುತ್ತದೆ. ಹುಳು ಮಾಡುವುದು ಎರಡು ಕೆಲಸ. ವಾಸನೆ ಸಿಕ್ಕಿತೋ, ಹರಿವಿಗೆ ಎದುರಾಗಿ ನಡೆಯುತ್ತದೆ. ವಾಸನೆ ತಪ್ಪಿತೋ, ನಿಂತು ಕೊಳವೆಯನ್ನು ಅತ್ತಿತ್ತ ಆಡಿಸಿ ಮತ್ತೆ ಹುಡುಕುತ್ತದೆ. ನಿಂತ ನೀರಿನಲ್ಲಿ ಅದಕ್ಕೆ ದಿಕ್ಕೇ ಇಲ್ಲ. ಆರು ತಿಂಗಳು ನಾನು ಅವುಗಳ ದಾರಿ ಕಟ್ಟಿ, ಯಾಕೆ ನಡೆಯುತ್ತಿಲ್ಲ ಎಂದು ಕೇಳಿದ್ದೆ.

ಗುತ್ಯಪ್ಪ ಅಟ್ಟಣಿಗೆ ಮಾಡಿ ಮೇಲೆ ಎರಡು ಡ್ರಮ್ಮು ಇಟ್ಟರು, ಎರಡು ರಬ್ಬರ್ ಕೊಳವೆ ಇಳಿಬಿಟ್ಟರು. ಕವಲುಗಳ ತುದಿಯಿಂದ ಹಿಡಿಯ ಕಡೆಗೆ ನೀರು ಸಣ್ಣಗೆ ಹರಿಯತೊಡಗಿತು. ಹರಿವು ಸಮನಾಗಿದೆಯೇ ಎಂದು ನೋಡಲು ಒಂದೊಂದು ತೊಟ್ಟು ಹಾಲು ಬಿಟ್ಟೆವು. ಎರಡು ಬಿಳಿ ಎಳೆಗಳು ಜೊತೆಜೊತೆಯಾಗಿ ಇಳಿದು ಬಂದವು. ತೊಟ್ಟಿ ತೊಳೆದು ಹುಳು ಬಿಟ್ಟೆವು. ಅದು ಕೊಳವೆ ಎತ್ತಿತು, ನಿಂತಿತು, ತಿರುಗಿತು. ಅರ್ಧ ಗಂಟೆಯಲ್ಲಿ ಸಿಂಪಿಯ ಮೇಲೆ ಹತ್ತಿ ಕೂತಿತ್ತು. ಗುತ್ಯಪ್ಪ ಹೋಗಿ ಇಬ್ಬರಿಗೂ ಚಹಾ ತಂದರು.

ಇನ್ನು ಬರೆಯುವುದು ನನ್ನ ದೊಡ್ಡ ತಪ್ಪಿನ ಕಥೆ. ಹೊಸಬರು ಬೇರೆ ಏನನ್ನು ಬಿಟ್ಟರೂ ಇದನ್ನು ಓದಬೇಕು.

ಇಲಿಯೊಂದು ಒಂದು ರಬ್ಬರ್ ಕೊಳವೆಯನ್ನು ಕಡಿದು ಹಾಕಿತು. ನಾನೇ ಪೇಟೆಗೆ ಹೋಗಿ ಹೊಸದು ತಂದು, ಕಲ್ಲಿನ ಕವಲಿಗೆ ಜೋಡಿಸಿದೆ. ಹಳೆಯದು ಸಿಂಪಿಯ ಕವಲಿಗೇ ಇತ್ತು. ಹುಳುವಿಗೆ ಎಡ ಬಲದ ಅಭ್ಯಾಸ ಬೀಳಬಾರದೆಂದು ಸಿಂಪಿಯನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಬದಲಿಸುತ್ತಿದ್ದೆವು. ಬದಲಿಸುವಾಗ ಆಯಾ ಕೊಳವೆಯೂ ಜೊತೆಗೇ ಹೋಗುತ್ತಿತ್ತು. ಫಲಿತಾಂಶ ಕಣ್ಣು ಕುಕ್ಕುವಷ್ಟು ಚೆನ್ನಾಗಿ ಬರತೊಡಗಿತು. ಹೆಚ್ಚು ಕಡಿಮೆ ಎಲ್ಲ ಹುಳುವೂ ಸಿಂಪಿಯ ಕಡೆಗೇ. ಹೊಟ್ಟೆ ತುಂಬಿದ್ದೂ ಅತ್ತಲೇ. ಎಷ್ಟು ಚೆಂದ ಎಂದು ಹಿಗ್ಗಿ, ಲೇಖನ ಬರೆದು ಮಾರ್ಗದರ್ಶಕರಿಗೆ ಕಳಿಸಿದೆ. ಅವರು ಅದನ್ನು ಒಂದು ಪತ್ರಿಕೆಗೆ ಕಳಿಸಿಯೂ ಬಿಟ್ಟರು.

ಆ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಶಿವಲೀಲಾ, ಬಂದಳಿಕೆಯ ಹುಡುಗಿ, ಅಂತಿಮ ವರ್ಷದ ವಿದ್ಯಾರ್ಥಿನಿ. ಒಂದು ದಿನ ಪ್ರಯೋಗದ ಪುಸ್ತಕದಲ್ಲಿ ಅವಳು ಹೀಗೆ ಬರೆದಿದ್ದಳು: “ಇವತ್ತು ಸಿಂಪಿ ಹಾಕುವುದು ಮರೆತೆ. ಆದರೂ ಐದು ಹುಳು ಸಿಂಪಿ ಇರಬೇಕಾದ ಕಡೆಗೇ ಹೋದವು.”

ಓದಿ ನನಗೆ ಸಿಟ್ಟು ನೆತ್ತಿಗೇರಿತು. ತರಗತಿಯಲ್ಲಿ ಎಲ್ಲರ ಎದುರಿಗೇ, “ಸಿಂಪಿ ಹಾಕೋದೇ ಮರೆಯೋರು ಹುಳು ಎತ್ಲಾಗೆ ಹೋಯ್ತು ಅಂತ ಸರಿಯಾಗಿ ನೋಡಿರ್ತಾರಾ? ಗಮನ ಎಲ್ಲಿರತ್ತೆ ನಿಂಗೆ?” ಎಂದು ಬೈದೆ. ಅವಳು ತಲೆ ತಗ್ಗಿಸಿ ನಿಂತಳು. ಕೊನೆಗೆ, “ಮರ್ತಿದ್ದು ಖರೇವ್ರೀ ಮೇಡಂ. ಆದ್ರ ನೋಡಿದ್ದೂ ಖರೇನ ಐತ್ರಿ” ಎಂದಳು.

ಆ ಮಾತು ಬಸ್ಸಿನಲ್ಲಿ ಸೊರಬದವರೆಗೂ ನನ್ನನ್ನು ಬಿಡಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬಂದು, ಸಿಂಪಿ ಹಾಕದೆ, ಒಬ್ಬಳೇ ಆರು ಹುಳು ಬಿಟ್ಟೆ. ಆರೂ ಅತ್ತಲೇ ಹೋದವು. ಹೊಸ ಕೊಳವೆಯನ್ನು ಬಿಚ್ಚಿ ಮೂಗಿಗೆ ಹಿಡಿದೆ. ಹೊಸ ರಬ್ಬರಿನ ಘಾಟು. ಹುಳುಗಳು ಸಿಂಪಿಯನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಆ ಘಾಟಿನಿಂದ ತಪ್ಪಿಸಿಕೊಂಡು ಓಡುತ್ತಿದ್ದವು. ನಾಲ್ಕು ತಿಂಗಳ ಕೆಲಸ ನೀರಿಗೆ ಹೋಗಿತ್ತು. ಅದಕ್ಕಿಂತ ದೊಡ್ಡದು, ಸುಳ್ಳು ಲೇಖನವೊಂದು ನನ್ನ ಹೆಸರಲ್ಲಿ ಅಚ್ಚಿಗೆ ಹೊರಟಿತ್ತು.

ಒಂದು ಗಳಿಗೆ, ಸುಮ್ಮನಿದ್ದುಬಿಡಲೇ ಎಂದು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಶಿವಲೀಲಾ ಮತ್ತೆ ಬಾಯಿ ತೆರೆಯುವಂತಿರಲಿಲ್ಲ, ನಾನೇ ಮುಚ್ಚಿಸಿದ್ದೆ. ಗುತ್ಯಪ್ಪ ಬಾಗಿಲು ತೆಗೆದು ಒಳಗೆ ಬಂದರು. ನನ್ನ ಕೈಯಲ್ಲಿದ್ದ ಕೊಳವೆ ನೋಡಿ, ತಾವೂ ಮೂಸಿ, ನನ್ನ ಮುಖ ನೋಡಿದರು.

“ಮೊದ್ಲಿಂದ ಮಾಡಣ ಬಿಡ್ರಿ ಮೇಡಂ. ನಂಗೇನು ಬ್ಯಾರೆ ಕೆಲಸ ಐತೆ?” ಎಂದರು.

ಹತ್ತು ಗಂಟೆಗೆ ತರಗತಿಗೆ ಹೋದೆ. ನಡೆದದ್ದನ್ನು ಹೇಳಿ, “ನಿನ್ನೆ ಶಿವಲೀಲಾ ಸರಿಯಾಗೇ ನೋಡಿದ್ಲು. ತಪ್ಪಿದ್ದು ನಾನು. ಎಲ್ಲರ ಎದುರಿಗೆ ಬೈದಿದ್ದೆ, ಎಲ್ಲರ ಎದುರಿಗೇ ಕ್ಷಮೆ ಕೇಳ್ತಿದೀನಿ” ಎಂದೆ. ಅವಳು ಎದ್ದು ನಿಂತು ಅತ್ತುಬಿಟ್ಟಳು. ನಾನು ಅಳಲಿಲ್ಲ, ಆದರೆ ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ಏನನ್ನೋ ಒರೆಸುತ್ತಿದ್ದೆ.

ಮಾರ್ಗದರ್ಶಕರಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ನಿಮ್ಮ ವಿದ್ಯಾರ್ಥಿನಿ ಹೆಸರೇನು?” ಎಂದು ಕೇಳಿದರು.

ಹೇಳಿದೆ.

“ಲೇಖನ ನಾನು ವಾಪಸ್ ತಗೊಳ್ತೀನಿ, ಪತ್ರ ನಾನೇ ಬರೀತೀನಿ. ನೀವು ಮತ್ತೆ ಮಾಡಿ. ಆ ಹುಡುಗಿಯನ್ನು ಕೆಲಸದಿಂದ ಬಿಡಬೇಡಿ.” ಆ ಮನುಷ್ಯ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡನೇ ಸಲ ವಿಧಾನವೇ ಬೇರೆಯಾಯಿತು. ಎರಡೂ ಕೊಳವೆ ಒಂದೇ ಸುರುಳಿಯಿಂದ ಕತ್ತರಿಸಿ, ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿಟ್ಟೆವು. ಯಾವ ಕವಲಿಗೆ ಸಿಂಪಿ ಎಂಬುದು ಗುತ್ಯಪ್ಪನವರಿಗೆ ಮಾತ್ರ ಗೊತ್ತು. ಅವರು ಪರದೆಯ ಹಿಂದೆ ಇಟ್ಟು ಚೀಟಿ ಬರೆದು ಜೇಬಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಆಮೇಲೆ ಶಿವಲೀಲಾ ಒಳಗೆ ಬಂದು ಹುಳುವನ್ನು ನೋಡಿ ಬರೆಯುತ್ತಿದ್ದಳು. ಸಂಜೆ ಚೀಟಿ, ಪುಸ್ತಕ ಎರಡನ್ನೂ ನನ್ನ ಮೇಜಿನ ಮೇಲೆ ಇಟ್ಟು ಹೋಲಿಸುವುದು. ಮಧ್ಯೆ ಮಧ್ಯೆ ಸಿಂಪಿಯೇ ಇಲ್ಲದ ದಿನಗಳನ್ನು ಬೇಕೆಂದೇ ಸೇರಿಸಿದೆವು.

ಈ ಸಲ ಬಂದ ಉತ್ತರ ಕಣ್ಣು ಕುಕ್ಕುವಂಥದ್ದಾಗಿರಲಿಲ್ಲ. ಹಸಿದ ಹುಳುಗಳಲ್ಲಿ ಬಹುಪಾಲು ಸಿಂಪಿಯ ಕಡೆ ಹೋದವು, ಕೆಲವು ಹೋಗಲಿಲ್ಲ. ಹೊಟ್ಟೆ ತುಂಬಿದವು ಅಲುಗಲೇ ಇಲ್ಲ. ಬಹಳ ದಿನ ಸಿಂಪಿಯನ್ನೇ ತಿಂದು ರೂಢಿಯಾದವು, ಪಕ್ಕದ ಕವಲಿನಲ್ಲಿ ಬೇರೆ ಜಾತಿಯ ಚಿಪ್ಪುಜೀವಿ ಇಟ್ಟರೆ ಅತ್ತ ಕೊಳವೆ ತಿರುಗಿಸಿ, ಮತ್ತೆ ಸಿಂಪಿಯ ಕಡೆಗೇ ಹೊರಡುತ್ತಿದ್ದವು. ದಾರಿಯಲ್ಲಿ ಕಲ್ಲು ಜೋಡಿಸಿ ನೀರು ಸುಳಿ ಸುತ್ತುವಂತೆ ಮಾಡಿದರೆ ವಾಸನೆಯ ಎಳೆ ಹರಿದು, ತಡವರಿಸಿ, ನಿಧಾನವಾಗುತ್ತಿದ್ದವು. ಒಮ್ಮೆ ನನ್ನ ಕೈಯಿಂದ ಕಲ್ಲು ಜಾರಿ ಒಂದು ಹುಳು ಜಜ್ಜಿಹೋಯಿತು. ಅದರ ರಸ ಹರಿದು ಬಂದ ಕೂಡಲೇ ಕೆಳಗಿದ್ದ ಅದೇ ಜಾತಿಯ ಹುಳುಗಳೆಲ್ಲ ಹಿಂದಕ್ಕೆ ತಿರುಗಿ ನೀರಿನಿಂದ ಮೇಲೆ ಹತ್ತಿದವು. ತಿನ್ನುವ ವಾಸನೆ ಯಾವುದು, ಸಾಯುವ ವಾಸನೆ ಯಾವುದು, ಎರಡೂ ಅವಕ್ಕೆ ಗೊತ್ತಿತ್ತು. ಆ ದಿನ ಮೂವರಿಗೂ ಕೆಲಸ ಮುಂದುವರಿಸಲು ಮನಸ್ಸಾಗಲಿಲ್ಲ.

ಪಿಎಚ್.ಡಿ.ಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, “ಇದನ್ನು ನಾನು ಯಾಕೆ ನಂಬಬೇಕು?” ಎಂದು ನೇರವಾಗಿ ಕೇಳಿದರು. ನಾನು ಶಿವಲೀಲಾ ಬರೆದ ಪುಟವನ್ನು ತೆರೆದು ಅವರ ಮುಂದೆ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಬೇರೆ ಪ್ರಶ್ನೆ ಕೇಳಲಿಲ್ಲ. ಶಿವಲೀಲಾ ಈಗ ಶಿರಾಳಕೊಪ್ಪದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಾಳೆ. ಯಾರಾದರೂ “ತಪ್ಪಾಯ್ತು ಮಿಸ್” ಎಂದರೆ, “ಪುಸ್ತಕದಾಗ ಬರ್ದಿಯೇನು?” ಎಂದು ಮೊದಲು ಕೇಳುತ್ತಾಳಂತೆ.

ಆಮೇಲೆ ಕಾಲ ಬದಲಾಯಿತು. ನೀರಿಗೆ ಬೆರೆಸಿದರೆ ಕಡಲ ನೀರಾಗುವ ಉಪ್ಪಿನ ಪೊಟ್ಟಣ ಬಂತು, ಮೀನಿನ ವ್ಯಾನಿನ ಕ್ಯಾನು ನಿಂತಿತು. ಹುಳು ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರಿಸಿ, ಬೇಗ ಓಡಿಸಿ ನೋಡುವುದು ಬಂತು. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುವ ಕಷ್ಟ ಮಕ್ಕಳಿಗೆ ತಪ್ಪಿತು. ಒಳ್ಳೆಯದೇ. ಆದರೂ ವಾರಕ್ಕೊಮ್ಮೆ ಮೊಬೈಲು ತೆಗೆದಿಟ್ಟು, ಬರೀ ಕಣ್ಣಲ್ಲಿ ಒಂದು ಹುಳು ಕೊನೆ ಮುಟ್ಟುವವರೆಗೆ ನೋಡಿ ಎಂದು ಹೇಳುತ್ತಿದ್ದೆ. ಕೆಲವರು ನೋಡುತ್ತಿದ್ದರು.

ನನ್ನ ಸೇವೆಯ ಕೊನೆಯ ತಿಂಗಳು ತೊಟ್ಟಿಯಲ್ಲಿ ಒಂಬತ್ತು ಹುಳು ಉಳಿದಿದ್ದವು. ನನ್ನ ನಂತರ ಅವನ್ನು ನೋಡಿಕೊಳ್ಳುವವರು ಇರಲಿಲ್ಲ. ನಾಲ್ಕು ವರ್ಷ ಮೊದಲೇ ನಿವೃತ್ತರಾಗಿದ್ದ ಗುತ್ಯಪ್ಪನವರಿಗೆ ಫೋನು ಮಾಡಿ, “ಹುಳು ವಾಪಸ್ ಬಿಟ್ಟು ಬರ್ಬೇಕು, ಬರ್ತೀರಾ?” ಎಂದೆ.

“ಬರ್ತೆ ಮೇಡಂ. ನಾ ಸಮುದ್ರ ನೋಡೇ ಇಲ್ಲ” ಎಂದರು.

ಅಷ್ಟು ವರ್ಷ ಕಡಲ ನೀರು ಅಳೆದು, ಸುರಿದು, ಹರಿಸಿದ ಮನುಷ್ಯ. ಪ್ರತಿ ಪ್ರವಾಸಕ್ಕೂ ನಾನು ಮಕ್ಕಳನ್ನು ಕರೆದೊಯ್ದಿದ್ದೆ. ಲ್ಯಾಬು ನೋಡಿಕೊಳ್ಳಿ ಎಂದು ಅವರನ್ನು ಬಿಟ್ಟು ಹೋಗಿದ್ದೆ. ಒಮ್ಮೆಯೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮೀನು ಇಳಿಸಿ ಖಾಲಿ ವಾಪಸಾಗುವ ವ್ಯಾನಿನ ಮುಂದಿನ ಸೀಟಿನಲ್ಲಿ ಇಬ್ಬರೂ ಕೂತು ಹೋದೆವು. ಬಕೆಟ್ಟು ಅವರ ತೊಡೆಯ ಮೇಲಿತ್ತು. ದಂಡೆಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ, ನೀರು ಇಳಿದ ಹೊತ್ತು. ಗುತ್ಯಪ್ಪ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಸುಮ್ಮನೆ ನಿಂತರು. ಬಹಳ ಹೊತ್ತು ನಿಂತರು. ಬಂಡೆಯ ಸಂದಿನಲ್ಲಿ ಒಂದೊಂದೇ ಹುಳುವನ್ನು ಕೈಯಾರೆ ಇಟ್ಟೆವು.

“ಮೇಡಂ, ಇಷ್ಟು ನೀರಲ್ಲಿ ಇವುಕ್ಕೆ ದಾರಿ ಹ್ಯಾಂಗೆ ಸಿಗ್ತದೆ?” ಎಂದು ಕೇಳಿದರು.

ಪ್ರಬಂಧ ಬರೆದವಳು ನಾನು, ಪದವಿ ಪಡೆದವಳು ನಾನು. “ಗೊತ್ತಿಲ್ಲ ಗುತ್ಯಪ್ಪ. ನಾವು ನೋಡಿದ್ದು ಮೂರಡಿ ಮಾತ್ರ” ಎಂದೆ. ಅವರು ಆ ಉತ್ತರಕ್ಕೆ ತೃಪ್ತರಾದವರಂತೆ ತಲೆಯಾಡಿಸಿದರು.

ಒಂದು ಹುಳು ಕೊಳವೆ ಎತ್ತಿತು. ಹರಿವಿಗೆ ಎದುರಾಗಿ ತಿರುಗಿತು, ಸಿಂಪಿ ಕಚ್ಚಿಕೊಂಡಿದ್ದ ಬಂಡೆಯ ಕಡೆ ಹೊರಟಿತು. ಇನ್ನೊಂದು ಹೊರಟಿತು. ಬಿಸಿಲು ಏರುತ್ತಿತ್ತು. ವ್ಯಾನಿನವನು ಹಾರನ್ ಹೊಡೆದ. ನಾನು ಬಕೆಟ್ಟು ಎತ್ತಿಕೊಂಡು ಹೊರಡಲು ಅನುವಾದೆ.

“ಒಂದು ಇನ್ನೂ ಕೂತೈತೆ ಮೇಡಂ,” ಎಂದರು ಗುತ್ಯಪ್ಪ. “ಅದು ಹೊರಡೋ ತನ್ಕ ನಿಂತ್ಕಳಣ.”

ನಿಂತುಕೊಂಡೆವು.